ಬುಗುರಿ ಓದದ ಚೀಟಿಗಳು

ನನ್ನ ಹೆಂಡತಿಯ ತಮ್ಮನಿಗೆ ಬುಗುರಿ ಎಂದು ಹೆಸರಿಟ್ಟವರು ಯಾರು ಎಂಬುದರ ಬಗ್ಗೆ ಮನೆಯಲ್ಲಿ ಒಮ್ಮತವಿಲ್ಲ. ಹೆಸರು ತಪ್ಪು ಎಂದವರು ಮಾತ್ರ ಇದುವರೆಗೆ ಒಬ್ಬರೂ ಸಿಕ್ಕಿಲ್ಲ. ಐವತ್ತೆರಡು ವರ್ಷದ ಈ ಮನುಷ್ಯ ನಿಂತೇ ಉಣ್ಣುತ್ತಾನೆ, ನಡೆಯುತ್ತಲೇ ಪೇಪರ್ ಓದುತ್ತಾನೆ, ಮಾತಿನ ಮಧ್ಯೆ "ಬಂದೆ" ಎಂದು ಹೇಳಿ ಹೊರಟುಹೋಗುತ್ತಾನೆ. ನನ್ನ ಮದುವೆಯ ಫೋಟೋದಲ್ಲಿ ಎಲ್ಲರೂ ಸ್ಪಷ್ಟವಾಗಿದ್ದಾರೆ. ಬಲತುದಿಯಲ್ಲಿ ಮಾತ್ರ ಒಂದು ಮಸುಕು. ಅದು ಬುಗುರಿ. ಆ ಮಸುಕು ಮದುಮಗನ ಮುಖದ ಮೇಲಿದ್ದಿದ್ದರೆ ಫೋಟೋ ಇನ್ನೂ ಚೆನ್ನಾಗಿರುತ್ತಿತ್ತು ಎಂದು ನನ್ನ ಹೆಂಡತಿ ಹೇಳುವುದುಂಟು.

ಇಂಥವನಿಗೆ ದೇವರು ಕೊಟ್ಟ ಕೆಲಸ ನೋಡಿ: ದೊಡ್ಡಾಸ್ಪತ್ರೆಯ ಮೂರನೇ ಮಹಡಿಯಲ್ಲಿರುವ ಪ್ರಾರ್ಥನಾ ಕೋಣೆಯ ಉಸ್ತುವಾರಿ. ಬಾಗಿಲ ಮೇಲೆ 'ಶಾಂತಿ ಕಾಪಾಡಿ' ಎಂಬ ಬೋರ್ಡು, ಬಾಗಿಲ ಒಳಗೆ ಇವನು. ಯಾವ ದೇವರು ಕೊಟ್ಟ ಎಂದು ಹೇಳುವುದು ಕಷ್ಟ, ಏಕೆಂದರೆ ಆ ಕೋಣೆಗೆ ಎಲ್ಲ ದೇವರೂ ಬರುತ್ತಾರೆ, ವೇಳಾಪಟ್ಟಿಯ ಪ್ರಕಾರ.

ಮೊದಲು ಅದು ಬೆಡ್‌ಶೀಟುಗಳನ್ನು ಒಟ್ಟುತ್ತಿದ್ದ ಕೋಣೆ. ಹದಿನಾಲ್ಕು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಕಿಟಕಿ ಒಂದೇ. ಗೋಡೆಗೆ ಆತುಕೊಂಡ ಬೀರುವಿನಲ್ಲಿ ಆರು ಖಾನೆ, ಒಂದೊಂದು ಧರ್ಮಕ್ಕೆ ಒಂದೊಂದು. ಒಬ್ಬರ ಪ್ರಾರ್ಥನೆ ಮುಗಿದು ಇನ್ನೊಬ್ಬರದು ಶುರುವಾಗುವ ನಡುವೆ ಹತ್ತು ನಿಮಿಷ. ಅಷ್ಟರಲ್ಲಿ ಕುರ್ಚಿ ಮಡಚಬೇಕು, ಚಾಪೆ ಹಾಸಬೇಕು, ಶಿಲುಬೆ ಒಳಗಿಟ್ಟು ಬೀಗ ಹಾಕಬೇಕು, ಬ್ಯಾಟರಿಯ ದೀಪ ಹೊರತೆಗೆಯಬೇಕು. ನಿಜವಾದ ದೀಪ ಹಚ್ಚಿದರೆ ಚಾವಣಿಯ ಹೊಗೆಗಂಟೆ ಹೊಡೆದುಕೊಂಡು ಇಡೀ ಮಹಡಿಯ ರೋಗಿಗಳು ಮೆಟ್ಟಿಲಿಳಿಯುತ್ತಾರೆ. ಒಬ್ಬರ ದೇವರು ಇನ್ನೊಬ್ಬರ ಕಣ್ಣಿಗೆ ಬೀಳಬಾರದು ಎಂಬುದು ನಿಯಮ. ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಬಿದ್ದಿಲ್ಲ. ಕೂರಲಾರದವನಿಗೆ ಇದಕ್ಕಿಂತ ಒಳ್ಳೆಯ ಉದ್ಯೋಗ ಎಲ್ಲಿ ಸಿಗಬೇಕು?

ಬಾಗಿಲ ಪಕ್ಕದಲ್ಲಿ ಒಂದು ಮರದ ಪೆಟ್ಟಿಗೆ ಇದೆ. ಯಾರು ಬೇಕಾದರೂ ತಮ್ಮ ಬೇಡಿಕೆ ಬರೆದು ಅದರೊಳಗೆ ಹಾಕಬಹುದು. ಅದರ ಮೇಲೆ ಬುಗುರಿಯ ಕೈಬರಹದಲ್ಲಿ, 'ಈ ಚೀಟಿಗಳನ್ನು ಮನುಷ್ಯರು ಓದುವುದಿಲ್ಲ'. ತಿಂಗಳ ಕೊನೆಯ ಶುಕ್ರವಾರ ಪೆಟ್ಟಿಗೆಯ ಬೀಗ ತೆಗೆದು, ಎಲ್ಲವನ್ನೂ ಕಾಗದ ಕತ್ತರಿಸುವ ಯಂತ್ರದ ಬಾಯಿಗೆ ಸುರಿಯುತ್ತಾನೆ. ಸುರಿಯುವಾಗ ಕಣ್ಣು ಚಾವಣಿಯ ಮೇಲೆ. ಒಂದಕ್ಷರವನ್ನೂ ಓದಿಲ್ಲ ಎಂಬುದು ಅವನ ಬದುಕಿನ ದೊಡ್ಡ ಹೆಮ್ಮೆ. ನಾನಾಗಿದ್ದರೆ ಮೊದಲ ವಾರವೇ ಎಲ್ಲ ಓದಿ, ಅರ್ಧವನ್ನು ಲೇಖನ ಮಾಡಿಬಿಡುತ್ತಿದ್ದೆ. ಅದಕ್ಕೇ ಆ ಕೆಲಸ ನನಗೆ ಸಿಗಲಿಲ್ಲ.

ಇನ್ನು ಅಕ್ಕ. ನನ್ನ ಹೆಂಡತಿಗೆ ಅಕ್ಕ, ಬುಗುರಿಗೆ ಅಕ್ಕ, ಹಾಗಾಗಿ ನನಗೂ ಅಕ್ಕ. ತಾಯಿ ಹೋದಾಗ ಅವರಿಗೆ ಹತ್ತೊಂಬತ್ತು, ಬುಗುರಿಗೆ ಹತ್ತು. ಹೊಲಿಗೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸಕ್ಕೆ ಸೇರಿ ಇಬ್ಬರನ್ನೂ ಸಾಕಿದರು, ತಾವು ಮದುವೆ ಆಗಲಿಲ್ಲ. ನಲವತ್ತು ವರ್ಷ ಕಂದು ಕಾಗದದ ಮೇಲೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು ಕತ್ತರಿಸಿದರು. ಶಾಲೆಯ ಸಮವಸ್ತ್ರ, ನರ್ಸುಗಳ ಕೋಟು, ಒಮ್ಮೆ ಪೊಲೀಸರ ಪ್ಯಾಂಟು. ಯಾರನ್ನೂ ಏನನ್ನೂ ಕೇಳಿದವರಲ್ಲ. ಊಟದಲ್ಲಿ ಉಪ್ಪು ಕಡಿಮೆಯಿದ್ದರೂ ಕೇಳದೆ ಉಣ್ಣುವ ಜಾತಿ.

ಎರಡು ವರ್ಷದ ಕೆಳಗೆ ಅಕ್ಕನ ಮೂತ್ರಪಿಂಡಗಳು ಕೈಕೊಟ್ಟವು. ಅಂದಿನಿಂದ ಸೋಮವಾರ, ಬುಧವಾರ, ಶುಕ್ರವಾರ ಅದೇ ಆಸ್ಪತ್ರೆಯ ಅದೇ ಮೂರನೇ ಮಹಡಿಯಲ್ಲಿ ಡಯಾಲಿಸಿಸ್. ತೋಳಿಗೆ ಎರಡು ಸೂಜಿ, ಒಂದರಲ್ಲಿ ರಕ್ತ ಹೊರಕ್ಕೆ, ಇನ್ನೊಂದರಲ್ಲಿ ಒಳಕ್ಕೆ, ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ನಾಲ್ಕು ಗಂಟೆ. ಪ್ರಾರ್ಥನಾ ಕೋಣೆಗೂ ಆ ವಾರ್ಡಿಗೂ ನಡುವೆ ಇಪ್ಪತ್ತೆರಡು ಹೆಜ್ಜೆ. ತಮ್ಮ ಅಲ್ಲೇ ಇದ್ದಾನಲ್ಲ, ನಮಗೇನು ಚಿಂತೆ ಎಂದು ನಾನೂ ನನ್ನ ಹೆಂಡತಿಯೂ ನಿಶ್ಚಿಂತೆಯಿಂದಿದ್ದೆವು. ಶುಕ್ರವಾರ ಮಧ್ಯಾಹ್ನ ಕಾರಿನಲ್ಲಿ ಮನೆಗೆ ಬಿಡುವುದು ನನ್ನ ಪಾಲಿನ ಸೇವೆ. ಅಷ್ಟಕ್ಕೇ ನಾನು ದೊಡ್ಡ ಉಪಕಾರಿಯ ಮುಖ ಮಾಡಿಕೊಂಡಿರುತ್ತಿದ್ದೆ.

ಒಂದು ದಿನ ಅಕ್ಕ ಡಾಕ್ಟರಿಗೆ ಹೇಳಿದರು: "ಇನ್ನು ಹನ್ನೆರಡು ಸಲ ಬರ್ತೀನಿ. ಆಮೇಲೆ ಸಾಕು."

ನಿಲ್ಲಿಸಿದರೆ ಎಷ್ಟು ದಿನ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಒಂದು ವಾರ, ಹೆಚ್ಚೆಂದರೆ ಎರಡು. "ನಿರ್ಧಾರ ನಿಮ್ಮದೇ. ಹನ್ನೆರಡು ಸಲ ಅಂದ್ರೆ ನಾಲ್ಕು ವಾರ ಇದೆ. ಯೋಚನೆ ಮಾಡಿ," ಎಂದರು.

ಅಕ್ಕ ಯೋಚನೆ ಮಾಡಿಯೇ ಹೇಳಿದ್ದರು. ಯೋಚನೆ ಶುರುವಾದದ್ದು ಬುಗುರಿಗೆ. ಅಂದು ಸಂಜೆ ನಮ್ಮ ಮನೆಗೆ ಬಂದವನು ಹಾಲಿನಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದ. ಅವನನ್ನು ನೋಡುತ್ತಾ ನನ್ನ ಕತ್ತು ಟೆನಿಸ್ ನೋಡುವವರಂತೆ ಆಡುತ್ತಿತ್ತು.

"ಭಾವ, ಬದುಕಿನ ಬೆಲೆ ಏನು?"

"ಕೂತ್ಕೊಂಡು ಕೇಳು, ಹೇಳ್ತೀನಿ," ಎಂದೆ. ಅವನು ಕೂರುವುದಿಲ್ಲ ಎಂದು ಗೊತ್ತಿದ್ದುದರಿಂದಲೇ ಧೈರ್ಯ ಬಂದದ್ದು.

"ನಿಮಗೆ ಗೊತ್ತಿಲ್ಲ ಬಿಡಿ. ನನ್ನ ಕೋಣೆಗೆ ಬರೋವ್ರಿಗೆಲ್ಲ ಗೊತ್ತಿರುತ್ತೆ. ಸಾವಿರಾರು ವರ್ಷದಿಂದ ಇದೇ ಕೆಲಸ ಮಾಡ್ಕೊಂಡು ಬಂದಿದಾರೆ. ಒಬ್ಬೊಬ್ಬರನ್ನೂ ಕೇಳ್ತೀನಿ. ಅಕ್ಕನಿಗೆ ಹೇಳ್ತೀನಿ. ಯಾವುದಾದ್ರೂ ಒಂದು ಮಾತು ತಗುಲುತ್ತೆ. ಬಂದೆ," ಎಂದವನು ಹೊರಟೇಹೋದ.

ಮರುದಿನದಿಂದ ಅವನ ಜೇಬಿನಲ್ಲೊಂದು ನೋಟ್‌ಬುಕ್. ಖಾನೆಗೊಂದು ಪುಟ.

ಮೊದಲು ಸಿಕ್ಕವರು ಪಾದ್ರಿಯವರು. ಭಾರೀ ದೇಹ, ಮೆಟ್ಟಿಲು ಹತ್ತಿ ಬಂದರೆ ಮೊದಲ ಐದು ನಿಮಿಷ ಅವರ ಪ್ರಾರ್ಥನೆಯೆಲ್ಲ ಉಸಿರಿಗಾಗಿ. ಬದುಕು ದೇವರ ಕೊಡುಗೆ, ಅದನ್ನು ಬಿಸಾಡಬಾರದು ಎಂದರು. ಬುಗುರಿ ಅಷ್ಟನ್ನು ಬರೆದುಕೊಂಡು ನೋಟ್‌ಬುಕ್ ಮುಚ್ಚುವಷ್ಟರಲ್ಲಿ, "ಆದರೆ ತಡ್ಕೊಳ್ಳೋಕೆ ಆಗದ ಚಿಕಿತ್ಸೆಯನ್ನ ಹೊತ್ಕೊಳ್ಳಲೇಬೇಕು ಅಂತ ನಾವು ಯಾರಿಗೂ ಹೇಳಲ್ಲಪ್ಪ. ಅವರಿಗೆ ಬೇಸರ ಆಗಿರೋದು ಬದುಕಾ, ಚಿಕಿತ್ಸೆಯಾ? ಮೊದಲು ಅದನ್ನ ಕೇಳು," ಎಂದರು. ಈ ಎರಡನೇ ಭಾಗವನ್ನು ಬುಗುರಿ ಬರೆದುಕೊಳ್ಳಲಿಲ್ಲ. ಅದು ಅವನ ವಾದಕ್ಕೆ ಅಡ್ಡ ಬರುತ್ತಿತ್ತು.

ಮೌಲ್ವಿಯವರಿಗೆ ಆಸ್ಪತ್ರೆಯ ಬೀದಿಯಲ್ಲೇ ಕನ್ನಡಕದ ಅಂಗಡಿ. ಎದುರಿಗೆ ನಿಂತವರ ಮೂಗಿನ ಅಳತೆಯನ್ನು ಕಣ್ಣಿನಲ್ಲೇ ತೆಗೆಯುವವರು. "ಜೀವ ಅನ್ನೋದು ಅಮಾನತ್ತು, ತಮ್ಮಾ. ಇಟ್ಟವನು ಬೇರೆ, ನಾವು ಕಾಯೋರು. ಒಂದು ಜೀವ ಉಳಿಸಿದರೆ ಇಡೀ ಲೋಕ ಉಳಿಸಿದ ಹಾಗೆ," ಎಂದರು. ಎರಡು ದಿನ ಬಿಟ್ಟು ಯಹೂದಿಗಳ ರಬ್ಬಿ ಬಂದರು. ಅವರೂ ಕೊನೆಯ ಮಾತನ್ನು ಹೆಚ್ಚುಕಡಿಮೆ ಹಾಗೆಯೇ ಹೇಳಿದರು. ಇಬ್ಬರಲ್ಲಿ ಒಬ್ಬರು ಕಾಪಿ ಹೊಡೆದಿದ್ದಾರೆ ಎಂದು ಬುಗುರಿಗೆ ಅನುಮಾನ. "ಪರೀಕ್ಷೆಯಲ್ಲಿ ಇಬ್ಬರಿಗೂ ಒಂದೇ ಉತ್ತರ ಬಂದ್ರೆ ಉತ್ತರ ಸರಿ ಇರಬಹುದಲ್ವೇನೋ," ಎಂದು ನಾನು ಅಂದದ್ದು ಅವನಿಗೆ ಹಿಡಿಸಿತು. ನನ್ನ ಜೀವಮಾನದಲ್ಲಿ ಧರ್ಮಗಳಿಗೆ ನಾನು ಮಾಡಿದ ಒಟ್ಟು ಸೇವೆ ಇಷ್ಟೇ.

ಅರ್ಚಕರು, ಮನುಷ್ಯಜನ್ಮ ಸಿಗುವುದೇ ದುರ್ಲಭ, ಆದರೆ ದೇಹವೆಂಬುದು ಬಟ್ಟೆಯ ಹಾಗೆ, ಜೀರ್ಣವಾದರೆ ಆತ್ಮ ಬೇರೆಯದನ್ನು ಉಡುತ್ತದೆ ಎಂದರು. ಸ್ವಯಂಸೇವಕಿಯಾಗಿ ಬರುವ ಜೈನ ಅಜ್ಜಿ, ಇರುವೆಯ ಜೀವಕ್ಕೂ ನನ್ನ ಜೀವಕ್ಕೂ ಸಮ ಬೆಲೆ, ಬಿಡುವುದಾದರೂ ಬೇಸರದಲ್ಲಿ ಬಿಡಬಾರದು, ತಿಳಿಮನಸ್ಸಿನಲ್ಲಿ ಬಿಡಬೇಕು ಎಂದರು. ಬೌದ್ಧ ಭಿಕ್ಷುವಂತೂ ಮೊದಲು ಚಾಪೆ ಹಾಸಿ, ಒಂದೊಂದೇ ಸುಕ್ಕು ಬಿಡಿಸಿ ಕೂತರು. ಬುಗುರಿ ಕಾಲು ಬದಲಾಯಿಸುತ್ತಾ ನಿಂತಿದ್ದ. ಕೊನೆಗೆ, "ಬಿಡೋಕೆ ಆಗದೆ ಒದ್ದಾಡ್ತಿರೋರು ಯಾರು? ಅವರಾ, ನೀವಾ?" ಎಂದು ಕೇಳಿ ಕಣ್ಣು ಮುಚ್ಚಿಕೊಂಡರು. ಆ ಪುಟ ಖಾಲಿಯೇ ಉಳಿಯಿತು.

ಸಂಗ್ರಹಿಸಿದ್ದನ್ನೆಲ್ಲ ಬುಗುರಿ ಆಗಾಗ ವಾರ್ಡಿಗೆ ಓಡಿಬಂದು ಅಕ್ಕನ ಮಂಚದ ಕಾಲಬುಡದಲ್ಲಿ ನಿಂತು ಓದುತ್ತಿದ್ದ. ತಲೆಯ ಬಳಿ ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲು ಇತ್ತು, ರೋಗಿಯ ಕಡೆಯವರಿಗೆಂದು. ಅದರ ಮೇಲೆ ಅಕ್ಕನ ಬಟ್ಟೆಯ ಬ್ಯಾಗು ಕೂತಿರುತ್ತಿತ್ತು.

"ಅಕ್ಕ, ದೇಹ ಬಟ್ಟೆ ಥರ ಅಂತೆ."

"ಯಾವ ಬಟ್ಟೆ?"

"ಅದನ್ನ ಕೇಳಲಿಲ್ಲ."

"ಹೋಗಲಿ, ಹೊಸದಕ್ಕೆ ಅಳತೆ ಯಾರು ತಗೋತಾರೆ? ಟ್ರಯಲ್ ಇರುತ್ತಾ? ಭುಜ ಬಿಗಿಯಾದರೆ ವಾಪಸ್ ಕೊಡಬಹುದಾ?"

"ತಮಾಷೆ ಮಾಡಬೇಡ. ಇದು ಸೀರಿಯಸ್ ವಿಷಯ."

"ಮತ್ತೆ ಕಾಲು ಯಾಕೋ ಕುಣಿಸ್ತಿದೀಯ? ಮಂಚ ಅಲ್ಲಾಡುತ್ತೆ, ಸೂಜಿ ನೋಯುತ್ತೆ."

"ಹನ್ನೊಂದೂ ಕಾಲಾಯ್ತು, ಚಾಪೆ ತೆಗೀಬೇಕು. ಬಂದೆ."

ಹೀಗೆ ಹನ್ನೆರಡು ಹನ್ನೊಂದಾಯಿತು, ಒಂಬತ್ತಾಯಿತು, ಐದಾಯಿತು. ಬುಗುರಿ ನಿದ್ದೆ ಬಿಟ್ಟ. ನನ್ನ ಹೆಂಡತಿ ಅಕ್ಕನ ಮುಂದೆ ಅತ್ತು ನೋಡಿದಳು; ಅಕ್ಕ ಅವಳ ಸೆರಗನ್ನೇ ಅವಳ ಕೈಗೆ ಕೊಟ್ಟು ಮೂಗೊರೆಸಿಕೋ ಎಂದರು. ಬರೆಯುವವನಲ್ಲವೇ ಎಂದು ನಾನು ಬದುಕಿನ ಅರ್ಥದ ಬಗ್ಗೆ ಎಂಟು ಪುಟದ ಪತ್ರ ಬರೆದು ಕೊಟ್ಟೆ. ಅಕ್ಕ ಓದಿ, ಮೂರೂವರೆ ಪುಟದ ಬಳಿ ಕೆಂಪು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ವಾಪಸ್ ಕೊಟ್ಟರು. "ಇಲ್ಲಿಗೆ ಕತ್ತರಿಸಿದರೆ ಸರಿಯಾಗಿ ಕೂರುತ್ತೆ," ಎಂದರು. ಸಂಪಾದಕರು ಯಾರೂ ನನಗೆ ಅಷ್ಟು ಒಳ್ಳೆಯ ಸಲಹೆ ಕೊಟ್ಟಿಲ್ಲ.

ಹನ್ನೆರಡನೆಯ ಸಲ ಬಂದದ್ದು ತಿಂಗಳ ಕೊನೆಯ ಶುಕ್ರವಾರ. ಅಂದರೆ ಪೆಟ್ಟಿಗೆ ತೆರೆಯುವ ದಿನ.

ಬೆಳಿಗ್ಗೆ ಅಕ್ಕನಿಗೆ ಸೂಜಿ ಚುಚ್ಚಿದ್ದನ್ನು ದೂರದಿಂದಲೇ ನೋಡಿ ಬುಗುರಿ ಕೋಣೆಗೆ ಹಿಂದಿರುಗಿದ. ಆಫೀಸಿನ ದೊಡ್ಡ ಕಾಗದದ ಯಂತ್ರ ರಿಪೇರಿಗೆ ಹೋಗಿತ್ತು. ಅದು ರಟ್ಟನ್ನೂ ಜೀರ್ಣಿಸಿಕೊಳ್ಳುವ ಗಟ್ಟಿ ಹೊಟ್ಟೆಯದು. ಅದರ ಬದಲಿಗೆ ಔಷಧಿ ವಿಭಾಗದಿಂದ ಒಂದು ಪುಟ್ಟ ಯಂತ್ರ ಎರವಲು ತಂದಿದ್ದ. ಎಂದಿನಂತೆ ಚಾವಣಿ ನೋಡುತ್ತಾ ಪೆಟ್ಟಿಗೆಯನ್ನು ಬಗ್ಗಿಸಿದ. ಯಂತ್ರ ನಾಲ್ಕು ತುತ್ತು ನುಂಗಿ, ಕೆಮ್ಮಿ, ನಿಂತುಬಿಟ್ಟಿತು. ಸಿಕ್ಕಿಕೊಂಡಿದ್ದನ್ನು ಎಳೆಯಲು ಕೆಳಗೆ ನೋಡಲೇಬೇಕಾಯಿತು.

ಕೈಗೆ ಬಂದದ್ದು ದಪ್ಪ ಕಂದು ಕಾಗದ. ಬಟ್ಟೆಯ ಮಾದರಿ ಕತ್ತರಿಸುವ ಕಾಗದ. ಅಂಚಿನಲ್ಲಿ ಕೆಂಪು ಪೆನ್ಸಿಲಿನ ಗುರುತು. ಅಂಥದೇ ಇನ್ನೂ ಏಳು ಚೀಟಿಗಳು ರಾಶಿಯಲ್ಲಿದ್ದವು, ನಾಲ್ಕು ಮಡಿಕೆಯಾಗಿ ಮಡಚಿ, ಅಂಚಿಗೆ ಅಂಚು ಕೂಡಿಸಿ. ಅಷ್ಟು ನೇರವಾಗಿ ಕಾಗದ ಮಡಚುವ ಕೈ ಆ ಆಸ್ಪತ್ರೆಯಲ್ಲಿ ಒಂದೇ ಇತ್ತು.

ನನಗೆ ಫೋನ್ ಬಂತು.

"ಭಾವ, ಅಕ್ಕ ಪೆಟ್ಟಿಗೆಗೆ ಚೀಟಿ ಹಾಕಿದಾಳೆ. ಎಂಟು ಸಿಕ್ಕಿವೆ. ಒಂದು ಅರ್ಧ ಅಗಿದುಹೋಗಿದೆ."

"ಏನು ಬರೆದಿದಾರೆ?"

"ಓದಿಲ್ಲ."

"ಓದು ಮಾರಾಯ. ಇವತ್ತು ಹನ್ನೆರಡನೇದು. ಅಕ್ಕನ ಮನಸ್ಸಲ್ಲಿ ಏನಿದೆ ಅಂತ ತಿಳ್ಕೊಳ್ಳೋಕೆ ಇನ್ಯಾವ ದಾರಿ ಇದೆ?"

"ಓದಲ್ಲ ಅಂತ ನಾನೇ ಬರೆದು ಅಂಟಿಸಿದೀನಲ್ಲ ಭಾವ."

"ಹಾಗಾದ್ರೆ ಮೊದಲು ಆ ಬೋರ್ಡು ಕಿತ್ತು ಹಾಕು, ಆಮೇಲೆ ಓದು."

ಫೋನಿನಲ್ಲಿ ಅವನು ನಡೆಯುವ ಸದ್ದು ಮಾತ್ರ ಕೇಳುತ್ತಿತ್ತು. ಹದಿನಾಲ್ಕು ಅಡಿ ಆ ಕಡೆ, ಹದಿನಾಲ್ಕು ಅಡಿ ಈ ಕಡೆ. ಆರು ಧರ್ಮಗಳೂ ಬೀರುವಿನಲ್ಲಿ ಬೀಗದೊಳಗಿದ್ದವು. ಕೇಳೋಣವೆಂದರೆ ಆ ಹೊತ್ತಿಗೆ ಯಾರೂ ಬಂದಿರಲಿಲ್ಲ. ಮನುಷ್ಯ ತಾನೊಬ್ಬನೇ ನಿರ್ಧರಿಸಬೇಕಾದಾಗ ಆ ಕೋಣೆ ಯಾವಾಗಲೂ ಖಾಲಿಯೇ ಇರುತ್ತದೆಯೋ ಏನೋ. ಕೊನೆಗೆ, "ಬಂದೆ," ಎಂದು ಫೋನ್ ಇಟ್ಟ.

ಇಪ್ಪತ್ತೆರಡು ಹೆಜ್ಜೆ ನಡೆದು ಅಕ್ಕನ ಮಂಚದ ಬಳಿ ಹೋಗಿ, ಎಂಟು ಚೀಟಿಗಳನ್ನೂ ಹೊದಿಕೆಯ ಮೇಲೆ ಇಟ್ಟನಂತೆ.

"ನಿನ್ನವು. ಯಂತ್ರ ಕೆಟ್ಟೋಯ್ತು. ನಾನು ಓದಿಲ್ಲ."

ಅಕ್ಕ ಅವನ ಮುಖವನ್ನೇ ನೋಡಿದರು. "ಓದಿಲ್ಲ ಅಂದ್ರೆ?"

"ಓದಿಲ್ಲ ಅಂದ್ರೆ ಓದಿಲ್ಲ. ಯಾರದ್ದನ್ನೂ ಓದಲ್ಲ."

"ಹೋದ ತಿಂಗಳದ್ದು?"

"ಅವೂ ಇದ್ವಾ?"

"ನಾಲ್ಕು ತಿಂಗಳಿಂದ ಹಾಕ್ತಿದೀನಲ್ಲೋ."

ಬುಗುರಿಗೆ ಅರ್ಥವಾಗಲಿಲ್ಲ. ಅಕ್ಕನಿಗೆ ನಗು ಬಂತು, ಆಮೇಲೆ ನಗುವಲ್ಲದ್ದೂ ಬಂತು. ಪಕ್ಕದ ಮಂಚದವರು ಆ ಕಡೆ ತಿರುಗಿ ಮಲಗಿದರು.

"ದಡ್ಡ, ಅವೆಲ್ಲ ನಿನಗೇ ಬರೆದದ್ದು. ನಿನ್ನ ಪೆಟ್ಟಿಗೆಗೆ ನಾನಿನ್ಯಾರಿಗೆ ಬರೀಲಿ?"

"ಓದಲ್ಲ ಅಂತ ಬೋರ್ಡ್ ಹಾಕಿದೀನಲ್ಲ."

"ಬೋರ್ಡ್ ನಂಬೋಕಾಗುತ್ತಾ? ಕೆಳಗಡೆ 'ಹತ್ತು ನಿಮಿಷದಲ್ಲಿ ಡಾಕ್ಟರು ಬರುತ್ತಾರೆ' ಅಂತಾನೂ ಬೋರ್ಡ್ ಇದೆ. ಕೂತಲ್ಲಿ ಕೂರದವನು, ಚೀಟಿ ಕೈಗೆ ಸಿಕ್ಕರೆ ಓದದೇ ಇರ್ತೀಯಾ ಅಂದ್ಕೊಂಡಿದ್ದೆ. ಓದಿದಾನೆ, ಓದಿಯೂ ಸುಮ್ಮನಿದಾನೆ, ಮನಸ್ಸಿಲ್ಲ ಅಂತ ಕಾಣುತ್ತೆ ಅಂದ್ಕೊಂಡೆ. ಆಮೇಲೆ ನಾನೂ ಸಾಕು ಅಂದೆ."

"ಬಾಯಲ್ಲಿ ಹೇಳಬಾರದಿತ್ತಾ?"

"ಹೇಳೋಕೆ ನೀನು ನಿಲ್ಲಬೇಕಲ್ಲ. ಮನೇಲಿ ಹೇಳೋಣ ಅಂದ್ರೆ ನಲ್ಲಿ ಬಿಚ್ಚಿ ಕೂತಿರ್ತೀಯ. ಕೂತಿರ್ತೀಯ ಏನು, ನಿಂತಿರ್ತೀಯ. ಬಾಯಿಬಿಟ್ಟು ಕೇಳಿ, ನೀನು ಆಗಲ್ಲ ಅಂದ್ರೆ ಇಬ್ಬರಿಗೂ ಮುಜುಗರ. ಚೀಟಿ ಆದರೆ ಕಾಣಲಿಲ್ಲ ಅಂತ ಇದ್ದುಬಿಡಬಹುದು."

ಸೂಜಿಯಿಲ್ಲದ ಕೈಯಿಂದ ಒಂದು ಚೀಟಿ ಬಿಚ್ಚಿ ಅವನ ಮುಂದೆ ಹಿಡಿದರು. ಹನ್ನೊಂದು ವರ್ಷದಲ್ಲಿ ಬುಗುರಿ ಓದಿದ ಮೊದಲ ಚೀಟಿ ಅದು. 'ಇವತ್ತೂ ಸ್ಟೂಲಿನ ಮೇಲೆ ಬ್ಯಾಗೇ ಕೂತಿತ್ತು.' ಎರಡನೆಯದು: 'ನಾಲ್ಕು ಗಂಟೆ ಬಹಳ ಉದ್ದ.' ಮೂರನೆಯದು: 'ದೇವರ ವಿಷಯ ಬೇಡ. ನೀನು ಚಿಕ್ಕವನಿದ್ದಾಗ ಬೆಕ್ಕಿಗೆ ಅಂಗಿ ಹೊಲಿದೆಯಲ್ಲ, ಅದನ್ನ ಹೇಳು.' ಅರ್ಧ ಅಗಿದುಹೋಗಿದ್ದರಲ್ಲಿ 'ಹತ್ತು ನಿಮಿಷ ಆದರೂ' ಎಂಬಷ್ಟೇ ಉಳಿದಿತ್ತು.

ಪಾದ್ರಿಯವರ ಮಾತಿನ ಎರಡನೇ ಭಾಗವನ್ನು ಬುಗುರಿ ಬರೆದುಕೊಂಡಿರಲಿಲ್ಲ ಎಂದೆನಲ್ಲ. ಅಕ್ಕನಿಗೆ ಬೇಸರವಾಗಿದ್ದು ಬದುಕೂ ಅಲ್ಲ, ಚಿಕಿತ್ಸೆಯೂ ಅಲ್ಲ. ಎರಡು ಸೂಜಿಯ ನಡುವೆ ಅಲುಗಾಡದೆ, ಯಂತ್ರದ ಗುರ್ ಸದ್ದು ಕೇಳುತ್ತಾ, ಬಾಗಿಲ ಕಡೆ ನೋಡುತ್ತಾ ಮಲಗಿರುವ ವಾರದ ಆ ಹನ್ನೆರಡು ಗಂಟೆಗಳು. ಇಪ್ಪತ್ತೆರಡು ಹೆಜ್ಜೆ ದೂರದಲ್ಲಿ ತಮ್ಮ. ಅವನು ಲೋಕದ ಧರ್ಮಗಳನ್ನೆಲ್ಲ ಅಲ್ಲಿಗೆ ತಂದ, ತನ್ನನ್ನೊಬ್ಬನನ್ನು ಬಿಟ್ಟು. ಅವನನ್ನು ಆಡಿಕೊಳ್ಳುವ ನಾನು ಶುಕ್ರವಾರಗಳಂದು ಆಸ್ಪತ್ರೆಯ ಹೊರಗೆ ಕಾರಿನಲ್ಲಿ ಕೂತು ಪೇಪರ್ ಓದುತ್ತಿದ್ದೆ. ನನಗೆ ಕೂರುವ ವಿದ್ಯೆ ಚೆನ್ನಾಗಿ ಬರುತ್ತದೆ, ಸರಿಯಾದ ಜಾಗದಲ್ಲಿ ಮಾತ್ರ ಬರುವುದಿಲ್ಲ.

ಅಂದು ನಾನು ಒಂದಕ್ಕೆ ಹತ್ತು ನಿಮಿಷವಿರುವಾಗ ಮೇಲೆ ಹೋದೆ. ಬ್ಯಾಗು ನೆಲದ ಮೇಲಿತ್ತು. ಬುಗುರಿ ಸ್ಟೂಲಿನ ಮೇಲಿದ್ದ. ಮೈಯೆಲ್ಲ ಬೆವರು, ಎರಡೂ ಕೈ ಮೊಣಕಾಲ ಮೇಲೆ, ಹಲ್ಲು ಕೀಳಿಸಿಕೊಳ್ಳಲು ಬಂದವನ ಹಾಗೆ. ಬೆಕ್ಕಿನ ಅಂಗಿಯ ಕತೆ ಮುಗಿದು, ಬೆಕ್ಕಿನ ಪ್ಯಾಂಟಿಗೆ ಬಂದಿತ್ತು.

"ಬಾಲಕ್ಕೆ ತೂತು ಬಿಡೋದನ್ನ ಮರೆತಿದ್ದೆ," ಎನ್ನುತ್ತಿದ್ದ.

"ನೀನು ಮರೀಲಿಲ್ಲ. ತಪ್ಪು ಕಡೆ ಬಿಟ್ಟಿದ್ದೆ," ಎಂದರು ಅಕ್ಕ.

ಅಷ್ಟರಲ್ಲಿ ನನಗೆ ಪ್ರಾರ್ಥನಾ ಕೋಣೆಯ ನೆನಪಾಯಿತು. ಹನ್ನೊಂದೂವರೆಗೆ ಪಾದ್ರಿಯವರ ಗುಂಪು, ಹನ್ನೆರಡೂ ಮುಕ್ಕಾಲಿಗೆ ಮೌಲ್ವಿಯವರ ಶುಕ್ರವಾರದ ನಮಾಜು. ಕೋಣೆ ಬದಲಾಯಿಸುವವನು ಇಲ್ಲಿ ಬೆಕ್ಕಿಗೆ ಪ್ಯಾಂಟು ಹೊಲಿಯುತ್ತಿದ್ದಾನೆ. ಓಡಿ ಹೋಗಿ ಬಾಗಿಲಲ್ಲಿ ಇಣುಕಿದೆ. ಒಳಗೆ ನಮಾಜು ನಡೆದಿತ್ತು. ಹೊರಗೆ ಕಾರಿಡಾರಿನಲ್ಲಿ ಪಾದ್ರಿಯವರು, ಮಡಚಿದ ಕುರ್ಚಿಗಳ ಸಾಲಿಗೆ ಒರಗಿ ಉಸಿರು ಹಿಡಿದುಕೊಳ್ಳುತ್ತಿದ್ದರು.

"ಕೀಲಿ ಬೀರುವಿನ ಬೀಗದಲ್ಲೇ ಇತ್ತು. ಕುರ್ಚಿ ಅವರು ಹೊರಗಿಟ್ಟರು, ಚಾಪೆ ನಾವು ಹಾಸಿದೆವು. ಆರು ನಿಮಿಷ," ಎಂದರು.

ಈ ಆರು ನಿಮಿಷದ ಸುದ್ದಿ ತಿಳಿದು ಬುಗುರಿಗೆ ಎರಡು ದಿನ ಊಟ ಸೇರಲಿಲ್ಲ. ಹನ್ನೊಂದು ವರ್ಷದಿಂದ ಅವನು ಹತ್ತು ನಿಮಿಷ ತೆಗೆದುಕೊಳ್ಳುತ್ತಿದ್ದ. ಒಬ್ಬರ ದೇವರು ಇನ್ನೊಬ್ಬರ ಕಣ್ಣಿಗೆ ಬಿದ್ದರೂ ಯಾರಿಗೂ ಏನೂ ಆಗಿರಲಿಲ್ಲ ಎಂಬುದು ಇನ್ನೂ ದೊಡ್ಡ ಏಟು. ಈಗ ಸೋಮವಾರ, ಬುಧವಾರ, ಶುಕ್ರವಾರಗಳಂದು ಒಂಬತ್ತರಿಂದ ಒಂದರವರೆಗೆ ಬಂದವರೇ ಬದಲಾಯಿಸಿಕೊಳ್ಳುತ್ತಾರೆ. ಶುಕ್ರವಾರ ಎರಡು ಗಂಟೆ ಕಾಲ ನಾನೂ ಸ್ಟೂಲಿನ ಮೇಲೆ ಕೂರುತ್ತೇನೆ. ಅಷ್ಟು ಹೊತ್ತು ಬುಗುರಿ ಕಾರಿಡಾರಿನಲ್ಲಿ ನಡೆದು ದಣಿವಾರಿಸಿಕೊಳ್ಳುತ್ತಾನೆ.

ಅಕ್ಕ ಅಂದು ಡಾಕ್ಟರಿಗೆ ಹೇಳಿದ್ದು ಇಷ್ಟು: "ಇನ್ನೊಂದು ಹನ್ನೆರಡು ನೋಡೋಣ."

ಅದಕ್ಕಿಂತ ಹೆಚ್ಚಿನ ಮಾತು ಕೊಟ್ಟಿಲ್ಲ. ಹನ್ನೆರಡು ಮುಗಿದಾಗ ಮತ್ತೆ ಹನ್ನೆರಡು, ಅಷ್ಟೇ. ಇದು ಏಳನೆಯ ಹನ್ನೆರಡು. ಪ್ರತಿ ಸಲವೂ ಕೊನೆಯ ವಾರ ಹತ್ತಿರ ಬಂದ ಹಾಗೆ ಬುಗುರಿಯ ಕಾಲು ಸ್ಟೂಲಿನ ಕೆಳಗೆ ತಾನಾಗಿ ಕುಣಿಯತೊಡಗುತ್ತದೆ. ಆಗ ಅಕ್ಕ ತಮ್ಮ ಖಾಲಿ ಕೈಯನ್ನು ಅವನ ಮೊಣಕಾಲಿನ ಮೇಲೆ ಇಡುತ್ತಾರೆ, ಓಡುತ್ತಿರುವ ಹೊಲಿಗೆ ಯಂತ್ರದ ಚಕ್ರವನ್ನು ಅಂಗೈಯಿಂದ ನಿಲ್ಲಿಸುವ ಹಾಗೆ. ಕೈ ತೆಗೆದರೆ ಮತ್ತೆ ಶುರು.

ಪೆಟ್ಟಿಗೆಗೆ ಚೀಟಿ ಹಾಕುವುದನ್ನು ಅಕ್ಕ ಬಿಟ್ಟಿಲ್ಲ. ಪ್ರತಿ ಸಲ ಡಯಾಲಿಸಿಸ್ ಮುಗಿದು ಮನೆಗೆ ಹೊರಡುವಾಗ ನಾಲ್ಕು ಮಡಿಕೆಯ ಕಂದು ಕಾಗದವೊಂದು ಒಳಗೆ ಬೀಳುತ್ತದೆ, ಬುಗುರಿಯ ಕಣ್ಣೆದುರಿಗೇ.

"ಈಗೇನು ಬರೀತೀಯ? ಪಕ್ಕದಲ್ಲೇ ಕೂತಿರ್ತೀನಲ್ಲ," ಎಂದು ಒಮ್ಮೆ ಕೇಳಿದ.

"ಇದು ನಿನಗಲ್ಲ," ಎಂದರು ಅಕ್ಕ.

ದೊಡ್ಡ ಯಂತ್ರ ರಿಪೇರಿಯಾಗಿ ಬಂದಿದೆ. ತಿಂಗಳ ಕೊನೆಯ ಶುಕ್ರವಾರ ಬುಗುರಿ ಪೆಟ್ಟಿಗೆಯನ್ನು ಬಗ್ಗಿಸಿ ಹಿಡಿದು ಚಾವಣಿ ನೋಡುತ್ತಾ ನಿಲ್ಲುತ್ತಾನೆ. ತೆಳು ಕಾಗದದ ಸದ್ದಿಗೂ ದಪ್ಪ ಕಾಗದದ ಸದ್ದಿಗೂ ವ್ಯತ್ಯಾಸ ಈಗ ಅವನಿಗೆ ಗೊತ್ತಾಗುತ್ತದೆ. ಹೋದ ತಿಂಗಳು ದಪ್ಪ ಸದ್ದು ಹನ್ನೊಂದು ಬಂದವು. ಒಂದು ಕಡಿಮೆ ಯಾಕೆ ಎಂದು ನನಗೆ ಫೋನ್ ಮಾಡಿದ್ದಾನೆ.